ಡ್ರಾಫ್ಟಿನಲ್ಲಿ ನಿಂತ ಕೆಂಪು ಕಾರು

ಹಳೇ ವಾಹನ ಮಾರುವ ಆ ಅಂಗಳದಲ್ಲಿ ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಪುಟದಕ್ಕ. ಮಾರಾಟಕ್ಕೆ ಬಂದು ನಿಂತ ಪ್ರತಿ ಕಾರಿಗೂ, ವ್ಯಾನಿಗೂ, ಸ್ಕೂಟರಿಗೂ ಅಂಗಳದ ವೆಬ್‌ಸೈಟಿನಲ್ಲಿ ಒಂದೊಂದು ಪುಟ ಇರುತ್ತದಲ್ಲ, ಆ ಪುಟ ಹುಟ್ಟಿಸುವವಳು ಅವಳು, ಫೋಟೋ ಹಾಕಿ ಸಿಂಗರಿಸುವವಳು ಅವಳು, ಗಾಡಿ ಮಾರಾಟವಾದ ಗಂಟೆಯೊಳಗೆ ಅದನ್ನು ಕೆಳಗಿಳಿಸುವವಳೂ ಅವಳೇ. ಒಂಬತ್ತು ವರ್ಷದಲ್ಲಿ ಮಾರಿಹೋದ ಗಾಡಿಯ ಪುಟ ಒಂದೇ ಒಂದು ಸಲವೂ ಹಾಗೇ ಉಳಿದದ್ದಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಕೆಲಸವೇ.

ಅವಳು ಕೂರುವುದು ತಗಡಿನ ಮಾಡಿನ ಒಂದು ಕೋಣೆಯಲ್ಲಿ. ಗೋಡೆಯ ಮೇಲೆ ಬೀಗದ ಕೈಗಳ ಹಲಗೆ, ಮೊಳೆಗೊಂದು ನಂಬರು. ಮೇಜಿನ ಮೇಲೆ ಅಕ್ಷರ ಅರ್ಧ ಅಳಿಸಿಹೋದ ಕೀಬೋರ್ಡು. ಅವಳ ಬೆರಳಿಗೆ ಅಕ್ಷರಗಳ ಜಾಗ ಬಾಯಿಪಾಠ, ಬೇರೆಯವರು ಬಂದು ಕೂತರೆ ಕಣ್ಣು ಕಣ್ಣು ಬಿಡಬೇಕು. ಕಿಟಕಿಯಾಚೆ ಮೂರು ಸಾಲು ಗಾಡಿಗಳು, ಅವುಗಳ ಹಿಂದೆ ನೀರಿನ ಟ್ಯಾಂಕು, ಟ್ಯಾಂಕಿನ ಮರೆಯಲ್ಲಿ ಒಂದೇ ಒಂದು ಗಾಡಿ ನಿಲ್ಲುವಷ್ಟು ಜಾಗ. ಆ ಜಾಗವನ್ನು ನೆನಪಿಟ್ಟುಕೊಳ್ಳಿ, ಕಥೆ ಇರುವುದೇ ಅಲ್ಲಿ.

ಪುಟ ತುಂಬುವುದೇನೂ ದೊಡ್ಡ ವಿದ್ಯೆಯಲ್ಲ. ಮಾಡೆಲ್ ಯಾವುದು, ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಬಣ್ಣ ಯಾವುದು, ಎಷ್ಟು ಜನ ಮಾಲೀಕರನ್ನು ಕಂಡಿದೆ, ಅಂಗಳಕ್ಕೆ ಬಂದ ದಿನಾಂಕ ಯಾವುದು, ಒಂದೊಂದಕ್ಕೂ ಒಂದೊಂದು ಚೌಕ. ಬೇಗ ಆಗಲಿ ಎಂದು ಹಳೇ ಪುಟವನ್ನೇ ನಕಲು ಮಾಡಿ ಅದರ ಮೇಲೆ ಹೊಸ ಗಾಡಿಯ ವಿವರ ಬರೆಯುವುದು ರೂಢಿ. ಮೊದಲ ವರ್ಷ ಹಾಗೆ ಮಾಡಲು ಹೋಗಿ ಒಂದು ಚೌಕ ಬದಲಾಯಿಸುವುದನ್ನು ಮರೆತಿದ್ದಳು. ಸ್ಕೂಟರಿಗೆ ಎ.ಸಿ. ಇದೆ ಎಂದು ಮೂರು ದಿನ ಇಡೀ ಲೋಕ ಓದಿತು. ಒಬ್ಬರು ಫೋನು ಮಾಡಿ, ಅದರ ಗಾಳಿ ಹಿಂದೆ ಕೂತವರಿಗೂ ಬರುತ್ತಾ ಎಂದು ಬಹಳ ಗಂಭೀರವಾಗಿ ಕೇಳಿದ್ದರು. ಅವತ್ತಿನಿಂದ ಅವಳು ಪ್ರತಿ ಪುಟವನ್ನೂ ಮೂರು ಸಲ ಓದುತ್ತಾಳೆ.

ಕೊನೆಯ ಚೌಕದ ಹೆಸರು ‘ಇತರೆ’. ಬೇರೆ ಕಡೆಯವರು ಅಲ್ಲಿ ‘ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಪುಟದಕ್ಕನದು ಹಾಗಲ್ಲ. ಹಲಗೆಯಿಂದ ಬೀಗದ ಕೈ ತೆಗೆದುಕೊಂಡು, ಗಾಡಿಯ ಡ್ರೈವರ್ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತಾಳೆ. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತುತ್ತಾಳೆ, ಗಾಜು ಇಳಿಸಿ ಏರಿಸುತ್ತಾಳೆ, ವಾಸನೆ ನೋಡುತ್ತಾಳೆ. ಆಮೇಲೆ ಬಂದು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾಳೆ. ‘ಮಳೆ ಬಂದಾಗ ವೈಪರು ಸ್ವಲ್ಪ ಯೋಚನೆ ಮಾಡಿ ಆಮೇಲೆ ಹೊರಡುತ್ತದೆ.’ ‘ಹಿಂದಿನ ಬಲ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ತುಂಟ ಮಕ್ಕಳಿರುವ ಮನೆಗೆ ಇದು ಅನುಕೂಲ.’ ‘ಹಿಂದಿನ ಮಾಲೀಕರು ನಾಯಿ ಸಾಕಿದ್ದರು. ಸೀಟುಗಳನ್ನು ಎರಡು ಸಲ ತೊಳೆದಿದ್ದೇವೆ. ನಾಯಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ.’

ಮೊದಮೊದಲು ಇಂಥದ್ದನ್ನು ಓದಿ ಯಜಮಾನರು ತಲೆ ತಲೆ ಚಚ್ಚಿಕೊಂಡಿದ್ದರು. “ಏನಮ್ಮಾ, ನಾವು ಗಾಡಿ ಮಾರೋಕೆ ಕೂತಿದೀವೋ, ಅದರ ಮಾನ ಹರಾಜು ಹಾಕೋಕೆ ಕೂತಿದೀವೋ?” ಆದರೆ ಹದಿನೈದು ದಿನ ಕಳೆಯುವುದರೊಳಗೆ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಕೆಟ್ಟದ್ದನ್ನೇ ಇಷ್ಟು ಬಾಯಿಬಿಟ್ಟು ಹೇಳುವವರು ಒಳ್ಳೆಯದನ್ನು ಸುಳ್ಳು ಹೇಳುತ್ತಾರೆಯೇ ಎಂದು ಜನ ಲೆಕ್ಕ ಹಾಕಿದ್ದರು. ಕೊಳ್ಳುವವರೆಲ್ಲ ಕೊನೆಗೆ ಅವಳನ್ನೇ ಕರೆದು ಒಂದೇ ಪ್ರಶ್ನೆ ಕೇಳುವರು: “ನೀವಾಗಿದ್ರೆ ತಗೋತಿದ್ರಾ?” ಅವಳು ತಗೋತಿದ್ದೆ ಎಂದರೆ ಗಾಡಿ ಹೋಯಿತು, ಇಲ್ಲ ಎಂದರೆ ಉಳಿಯಿತು. ಯಜಮಾನರು ಆಮೇಲೆ ಅವಳ ಪುಟ ಓದಿ ನೋಡುವುದನ್ನೇ ಬಿಟ್ಟುಬಿಟ್ಟರು.

ಇಷ್ಟೆಲ್ಲ ಇದ್ದೂ ಪುಟದಕ್ಕನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಗಬೇಡಿ, ಅವಳಿಗೇ ಅದು ಸಾಕಷ್ಟು ನಾಚಿಕೆಯ ಸಂಗತಿಯಾಗಿತ್ತು. ವಿವರ ಕೇಳಲು ಯಾರಿಗೆ ಫೋನು ಮಾಡಿದರೂ ಅತ್ತಲಿಂದ ಬರುವ ಉತ್ತರ ಒಂದೇ: “ಗಾಡಿ ಓಡಿಸ್ತಾ ಇದೀನಿ, ಆಮೇಲೆ ಮಾಡಿ.” ಎಂಥ ಠೀವಿ ಆ ಮಾತಿನಲ್ಲಿ! ಒಂದು ಸಂಜೆ ಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತ ಅತ್ತೆಯ ಮುಂದೆ ಇದನ್ನು ಹೇಳಿಕೊಂಡಳು.

“ಜನ್ಮದಲ್ಲಿ ಒಂದು ಸಲ ಆ ಮಾತು ನಾನೂ ಹೇಳ್ಬೇಕು ಅತ್ತೆ.”

ಅತ್ತೆಯವರಿಗೆ ಎಪ್ಪತ್ತೊಂದು ವಯಸ್ಸು, ನಾಲಿಗೆಗೆ ಮಾತ್ರ ಇಪ್ಪತ್ತು. “ಹೇಳೋಕೆ ಯಾರು ಬೇಡ ಅಂದ್ರು? ಊರವರ ಗಾಡಿಗೆಲ್ಲ ಜಾತಕ ಬರೀತೀಯ, ಒಂದನ್ನಾದ್ರೂ ಹಿಡಿದು ಓಡಿಸೋದು ಬೇಡ್ವಾ? ನನ್ನ ಮಗನ್ನ ಕಾದ್ರೆ ಆಗೋ ಕೆಲಸ ಅಲ್ಲ ಬಿಡು. ಅವನು ಸೈಕಲ್ ಬಿಟ್ಟು ಇನ್ನೇನೂ ಹತ್ತಿದವನಲ್ಲ. ನಾಳೇನೇ ಹೋಗಿ ಕ್ಲಾಸಿಗೆ ಸೇರ್ಕೋ.”

ಸೇರಿಕೊಂಡಳು. ಬೆಳಿಗ್ಗೆ ಆರೂವರೆಗೆ ಕ್ಲಾಸು, ಒಂಬತ್ತಕ್ಕೆ ಕೆಲಸ. ಸೇರಿದ ವಾರದಲ್ಲೇ ಅಂಗಳಕ್ಕೆ ಆ ಕೆಂಪು ಕಾರು ಬಂತು.

ಪುಟ್ಟ ಕಾರು. ಅಂಥ ಚೆಲುವೆಯೇನಲ್ಲ, ಮುಂದಿನ ಬಂಪರಿನಲ್ಲಿ ಒಂದು ಗೀರು. ಎಂದಿನಂತೆ ಪುಟದಕ್ಕ ಒಳಗೆ ಹೋಗಿ ಕೂತಳು. ಅವಳು ಗಿಡ್ಡ ಹೆಂಗಸು. ಬೇರೆ ಗಾಡಿಗಳಲ್ಲಿ ಪೆಡಲು ಮುಟ್ಟಬೇಕಾದರೆ ಸೀಟಿನ ತುದಿಗೆ ಜಾರಬೇಕು, ಮುಂದಿನ ರಸ್ತೆ ನೋಡಬೇಕಾದರೆ ಕತ್ತು ಚಾಚಬೇಕು. ಇಲ್ಲಿ ಬೆನ್ನು ಸೀಟಿಗೆ ಆತುಕೊಂಡೇ ಪಾದ ಪೆಡಲಿನ ಮೇಲೆ ಕೂತಿತು. ಕನ್ನಡಿಯಲ್ಲಿ ಹಿಂದಿನದೆಲ್ಲ ಸರಿಯಾಗಿ ಕಂಡಿತು. ಹತ್ತು ನಿಮಿಷಕ್ಕೆ ಕೂತವಳು ಅರ್ಧ ಗಂಟೆ ಕೂತಳು. ಇದು ನನ್ನದು ಎಂದು ಅವಳ ಮನಸ್ಸು ಹೇಳಿಬಿಟ್ಟಿತು.

ದುಡ್ಡಿನ ಚಿಂತೆಯಿರಲಿಲ್ಲ, ಅತ್ತೆ ಸೊಸೆ ಸೇರಿ ಕೂಡಿಟ್ಟದ್ದು ಇತ್ತು. ಅಡ್ಡ ಬಂದದ್ದು ಯಜಮಾನರ ಎರಡು ನಿಯಮ. ಒಂದು, ಯಾರಿಗಾಗಿಯೂ ಗಾಡಿ ತಡೆದಿಡುವುದಿಲ್ಲ. ಎರಡು, ಕೊಂಡವರೇ ಸ್ವಂತ ಓಡಿಸಿಕೊಂಡು ಗೇಟು ದಾಟಬೇಕು. ಹಿಂದೊಮ್ಮೆ ಕೊಂಡವರೊಬ್ಬರು ಓಡಿಸಲು ಭಾವಮೈದುನನನ್ನು ಕರೆತಂದಿದ್ದರು, ಆ ಭಾವಮೈದುನ ಗೇಟಿನ ಕಂಬವನ್ನೇ ಮಲಗಿಸಿದ್ದ. ಅಂದಿನಿಂದ ಎರಡನೆಯ ನಿಯಮ ಬಂತು. ಎರಡನ್ನೂ ವೆಬ್‌ಸೈಟಿನಲ್ಲಿ ದಪ್ಪಕ್ಷರದಲ್ಲಿ ಹಾಕಿದವಳು ಇವಳೇ.

ಪುಟ ಬರೆದು ಮುಗಿಸಿದಾಗ ಪರದೆಯ ಮೇಲೆ ಎಂದಿನಂತೆ ಎರಡು ಗುಂಡಿ ಕಂಡವು. ಹಸಿರಿನದು ಪಬ್ಲಿಶ್, ಒತ್ತಿದರೆ ಪುಟ ಲೋಕಕ್ಕೆಲ್ಲ ಕಾಣುತ್ತದೆ. ಬೂದು ಬಣ್ಣದ್ದು ಡ್ರಾಫ್ಟ್, ಒತ್ತಿದರೆ ಬರೆದವಳಿಗೆ ಮಾತ್ರ. ನಾಳೆ ಹಾಕಿದರಾಯಿತು ಎಂದುಕೊಂಡು ಡ್ರಾಫ್ಟ್ ಒತ್ತಿದಳು. ಆ ನಾಳೆ ಐದು ತಿಂಗಳಾದರೂ ಬರಲಿಲ್ಲ. ಕಾರು ಟ್ಯಾಂಕಿನ ಮರೆಗೆ ಸೇರಿತು. ಅಂಗಳಕ್ಕೆ ಬರುವವರೆಲ್ಲ ಪುಟ ನೋಡಿಕೊಂಡು, ಬೇಕಾದ ಗಾಡಿಯ ನಂಬರು ಹೇಳಿಕೊಂಡು ಬರುವವರೇ. ಪುಟವಿಲ್ಲದ ಗಾಡಿಯನ್ನು ಕೇಳುವವರಾರು?

ಅಷ್ಟರಲ್ಲಿ ಡ್ರೈವಿಂಗ್ ಪರೀಕ್ಷೆ ಎರಡು ಸಲ ಮುಗಿದಿತ್ತು, ಎರಡರಲ್ಲೂ ಅವಳು ಡುಮ್ಕಿ. ಮೊದಲನೆಯ ಸಲ ತಿರುವಿನಲ್ಲಿ ಇಟ್ಟ ಕಿತ್ತಳೆ ಬಣ್ಣದ ಗೂಟವನ್ನು ಗಾಡಿಯ ಕೆಳಗೆ ಎಳೆದುಕೊಂಡು ಕೊನೆಯವರೆಗೂ ಹೋಗಿದ್ದಳು. ಎರಡನೆಯ ಸಲ ಏರಿನಲ್ಲಿ ಎಂಜಿನ್ ನಿಂತು ಹಿಂದಕ್ಕೆ ಜಾರಿದ್ದಳು. ಮೂರನೆಯದು ಬರುವ ಶನಿವಾರಕ್ಕೆ ನಿಗದಿಯಾಗಿತ್ತು.

ಸೋಮವಾರ ಯಜಮಾನರು ಕೋಣೆಗೆ ಬಂದು ಹಲಗೆಯ ಮೇಲಿನ ಒಂದು ಬೀಗದ ಕೈಗೆ ಬೆರಳು ತೋರಿಸಿದರು. “ಆ ಕೆಂಪು ಕಾರಿಗೆ ಐದು ತಿಂಗಳಲ್ಲಿ ಒಂದು ಫೋನೂ ಬಂದಿಲ್ಲ ನೋಡಮ್ಮಾ. ದರಿದ್ರದ್ದು. ಬುಧವಾರ ಗುಜರಿಯೋನಿಗೆ ಬರೋಕೆ ಹೇಳಿದೀನಿ, ಬಿಚ್ಚಿಕೊಂಡು ಹೋಗ್ತಾನೆ.”

ಪುಟದಕ್ಕನಿಗೆ ಜೀವ ಬಾಯಿಗೆ ಬಂತು. “ಬೇಡ ಸಾರ್! ಅದರ ತಪ್ಪೇನೂ ಇಲ್ಲ. ಅದರ ಪುಟಾನೇ ಹಾಕಿಲ್ಲ.”

“ಹಾಕಿಲ್ಲ ಅಂದ್ರೆ? ಮರೆತೆಯಾ?”

ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವೈಪರಿನ ಸೋಮಾರಿತನವನ್ನೂ ಮುಚ್ಚಿಡದವಳ ಬಾಯಿಗೆ ಸುಳ್ಳು ಎಲ್ಲಿಂದ ಬರಬೇಕು? “ಮರೆತಿಲ್ಲ ಸಾರ್. ಬಚ್ಚಿಟ್ಟೆ. ನನಗೆ ಬೇಕಿತ್ತು. ಲೈಸೆನ್ಸ್ ಸಿಗೋವರೆಗೂ ಯಾರ ಕಣ್ಣಿಗೂ ಬೀಳದಿರ್ಲಿ ಅಂತ.”

ಯಜಮಾನರು ಕೂಗಾಡುತ್ತಾರೆ ಎಂದು ಅವಳು ಕಿವಿ ಗಟ್ಟಿ ಮಾಡಿಕೊಂಡು ನಿಂತಳು. ಅವರು ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿದರು.

“ಆ ಮೊದಲ ತಿಂಗಳು ಬಿಟ್ರೆ ಒಂಬತ್ತು ವರ್ಷದಲ್ಲಿ ನಿನ್ನ ಪುಟ ನಾನು ಒಂದು ಸಲಾನೂ ತಪಾಸಣೆ ಮಾಡಿಲ್ಲಮ್ಮಾ. ಅಗತ್ಯ ಇಲ್ಲ ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ ಆ ಮುಖ ನೋಡಲಾರದೆ ಅತ್ತಳು.

“ಅಳೋದು ಆಮೇಲೆ,” ಎಂದು ಯಜಮಾನರು ಕನ್ನಡಕ ಏರಿಸಿದರು. “ನಿಯಮ ಎಲ್ಲರಿಗೂ ಒಂದೇ. ಈಗಲೇ ಪುಟ ಹಾಕು. ಶನಿವಾರದೊಳಗೆ ಯಾರೂ ಬರದೆ ನೀನು ಪಾಸಾದರೆ ನಿನ್ನದು. ಯಾರಾದ್ರೂ ಬಂದ್ರೆ ಅವರದು. ಗುಜರಿಯೋನಿಗೆ ಬೇಡ ಅಂತ ಹೇಳ್ತೀನಿ.”

ಅವಳು ಕೂತು ಪುಟ ತೆರೆದಳು. ಯಾರೂ ಬರದಿರಲಿ ಎಂದು ಕಾರಿನ ದೋಷವನ್ನೆಲ್ಲ ಹುಡುಕಿ ಹುಡುಕಿ ತುಂಬಿದಳು. ಹಾರ್ನು ಎಡಗಡೆ ಒತ್ತಿದರೆ ಮಾತ್ರ ಕೂಗುತ್ತದೆ. ಕ್ಲಚ್ಚು ಬಿಗಿ. ರಿವರ್ಸ್ ಗೇರು ಒಂದೇ ಸಲಕ್ಕೆ ಬೀಳುವುದಿಲ್ಲ, ಕೆಳಕ್ಕೆ ಒತ್ತಿ, ಪುಸಲಾಯಿಸಿ, ಆಮೇಲೆ ಎಳೆಯಬೇಕು. ಬಂಪರಿನ ಗೀರಿನ ಉದ್ದ ಒಂದು ಗೇಣು. ಯಜಮಾನರು ಹಿಂದೆ ನಿಂತು ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ಓದಿದರು. “ಇದು ಪುಟ ಅಲ್ಲ, ಹಿಡಿಶಾಪ. ಗುಣ ಎಲ್ಲಿ? ಅದನ್ನೂ ಬರಿ.”

ಬರೆದಳು. ಬೇಡ ಬೇಡವೆಂದರೂ ಕೈ ಓಡಿತು. ‘ಎಂಜಿನ್ ಸ್ಟಾರ್ಟ್ ಮಾಡಿದರೆ ಕೇಳಿಸುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ ಅಷ್ಟೆ. ಬಿಸಿಲಿನಲ್ಲಿ ನಿಂತರೂ ಒಳಗೆ ಬೇಗ ತಂಪಾಗುತ್ತದೆ. ಇದರಲ್ಲಿ ಕೂತರೆ ಇಳಿಯಲು ಮನಸ್ಸು ಬರುವುದಿಲ್ಲ.’ ಮೂರು ಸಲ ಓದಿ, ಉಸಿರು ಬಿಗಿಹಿಡಿದು, ಹಸಿರು ಗುಂಡಿ ಒತ್ತಿದಳು.

ಮುಕ್ಕಾಲು ಗಂಟೆಯಲ್ಲಿ ಫೋನು ಬಂತು. ಒಬ್ಬರು ನಿವೃತ್ತ ಮೇಷ್ಟ್ರು, ಹೆಂಡತಿಯೊಡನೆ ನೋಡಲು ಬರುತ್ತಾರಂತೆ. ಯಾವಾಗ? ಶನಿವಾರ ಹನ್ನೊಂದಕ್ಕೆ. ಶನಿವಾರ ಒಂಬತ್ತಕ್ಕೆ ಅವಳ ಪರೀಕ್ಷೆ.

“ಹನ್ನೊಂದು ಅಂದ್ರೆ ಹತ್ತೂವರೆಗೇ ಬರ್ತಾರೆ ಕಣೇ ಮೇಷ್ಟ್ರುಗಳು,” ಎಂದು ಅತ್ತೆ ಮನೆಯಲ್ಲಿ ತೀರ್ಪು ಕೊಟ್ಟರು. “ನೀನು ಒಬ್ಬಳೇ ಹೋದ್ರೆ ಮತ್ತೆ ಆ ಗೂಟ ಎಳ್ಕೊಂಡು ಬರ್ತೀಯ. ಈ ಸಲ ನಾನೂ ಬರ್ತೀನಿ.”

ಬಂದರು ಕೂಡ. ಪರೀಕ್ಷೆಯ ಮೈದಾನದ ಅಂಚಿನಲ್ಲಿ ಕೊಡೆ ಬಿಡಿಸಿಕೊಂಡು ನಿಂತು, ಸೊಸೆಯ ಕಾರು ಏರಿನ ಹತ್ತಿರ ಬಂದಾಗ “ನಿಲ್ಲಿಸ್ಬೇಡ, ಹತ್ತೇ!” ಎಂದು ಇಡೀ ಮೈದಾನ ತಿರುಗಿ ನೋಡುವ ಹಾಗೆ ಕೂಗಿದರು. ಪುಟದಕ್ಕ ಹತ್ತಿದಳು. ಪರೀಕ್ಷೆ ಮಾಡುವ ಅಧಿಕಾರಿ ಪಾಸಾದ ಚೀಟಿ ಕೊಡುತ್ತ, “ಅವರು ನಿಮ್ಮ ತಾಯಿಯಾ?” ಎಂದು ಕೇಳಿದರು.

“ಅತ್ತೆ,” ಎಂದಳು ಪುಟದಕ್ಕ. ಅಧಿಕಾರಿ ನಂಬಲಿಲ್ಲ.

ಚೀಟಿ ಹಿಡಿದು ಇಬ್ಬರೂ ಬಸ್ಸು ಹತ್ತಿ ಅಂಗಳ ತಲುಪಿದಾಗ ಹತ್ತು ಐವತ್ತು. ಅತ್ತೆ ಹೇಳಿದ ಹಾಗೇ ಆಗಿತ್ತು. ಟ್ಯಾಂಕಿನ ಮರೆಯ ಜಾಗ ಖಾಲಿ. ಕೆಂಪು ಕಾರು ಅಂಗಳದಲ್ಲಿ ಒಂದು ಸುತ್ತು ಮುಗಿಸಿ ಬಂದು ನಿಲ್ಲುತ್ತಿತ್ತು. ಎತ್ತರದ ಮೇಷ್ಟ್ರೊಬ್ಬರು ಅದರಿಂದ ಮಡಿಚಿದ ಕೊಡೆ ಬಿಚ್ಚಿಕೊಂಡ ಹಾಗೆ ಇಳಿದರು. ಪಕ್ಕದಲ್ಲಿ ಅವರ ಹೆಂಡತಿ, ಯಜಮಾನರು, ಗಾಡಿ ರಿಪೇರಿಯ ಮೇಸ್ತ್ರಿ. ಪುಟದಕ್ಕ ಚೀಟಿಯನ್ನು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡಳು.

“ಪುಟ ಬರೆದೋರು ನೀವೇನಾ?” ಮೇಷ್ಟ್ರು ಜೇಬಿನಿಂದ ಹಾಳೆಯೊಂದನ್ನು ತೆಗೆದರು. ಅವಳದೇ ಪುಟದ ಪ್ರಿಂಟು, ಅಲ್ಲಲ್ಲಿ ಕೆಂಪು ಶಾಯಿಯ ಗೆರೆ. ತುದಿಯಲ್ಲಿ ವೃತ್ತದೊಳಗೆ ಹತ್ತಕ್ಕೆ ಒಂಬತ್ತು. “ತುಂಬಾ ಚೆನ್ನಾಗಿದೆ. ಒಂದು ಅಂಕ ಮಾತ್ರ ಕಿತ್ತುಕೊಂಡಿದೀನಿ.”

“ಯಾಕೆ ಸಾರ್?”

“ಬಂದ ದಿನಾಂಕ ನೋಡಿದೆ. ಇಷ್ಟು ಒಳ್ಳೇ ಕಾರು ಐದು ತಿಂಗಳು ಯಾಕೆ ಇಲ್ಲೇ ನಿಂತಿತ್ತು ಅಂತ ಬರೆದಿಲ್ಲ. ಏನೋ ಮುಚ್ಚಿಟ್ಟ ಹಾಗಿದೆ.” ಆಮೇಲೆ ಅವರೂ ಎಲ್ಲರ ಹಾಗೆ ಕೇಳಿದರು, “ಹೇಳಿ, ನೀವಾಗಿದ್ರೆ ತಗೋತಿದ್ರಾ?”

ಅವಳು ಮೇಷ್ಟ್ರ ಕಾಲು ನೋಡಿದ್ದಳು. ಇಳಿಯುವಾಗ ಎಡಮಂಡಿ ಉಜ್ಜಿಕೊಂಡದ್ದನ್ನು ನೋಡಿದ್ದಳು. ಈ ಕಾರಿನ ಬಿಗಿ ಕ್ಲಚ್ಚು ಆ ಮಂಡಿಗೆ ಹೇಳಿಸಿದ್ದಲ್ಲ. ಬೇರೆ ಯಾವ ಗಾಡಿಯಾಗಿದ್ದರೂ ನಿಮಗೆ ಬೇಡ ಎಂದು ಥಟ್ಟನೆ ಹೇಳುತ್ತಿದ್ದಳು, ಅದು ನಿಜವೂ ಆಗಿರುತ್ತಿತ್ತು. ಆದರೆ ಇವತ್ತು ಆ ನಿಜದಿಂದ ಲಾಭ ಅವಳಿಗೇ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು.

“ತಗೋತಿದ್ದೆ ಸಾರ್,” ಎಂದಳು. “ತಗೋಬೇಕು ಅಂತಲೇ ಐದು ತಿಂಗಳು ಇದರ ಪುಟ ಹಾಕದೆ ಬಚ್ಚಿಟ್ಟಿದ್ದೆ. ಲೈಸೆನ್ಸ್ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಸಿಕ್ತು. ಅದಕ್ಕೇ, ಈ ಒಂದು ಕಾರಿನ ವಿಷಯದಲ್ಲಿ ನನ್ನ ಮಾತು ನಂಬಬೇಡಿ. ಮೇಸ್ತ್ರೀನ ಕೇಳಿ. ಅವನಿಗೆ ಇದರಲ್ಲಿ ಆಸೆ ಇಲ್ಲ.”

ಮೇಸ್ತ್ರಿ ಯಜಮಾನರ ಮುಖ ನೋಡಿದ. ಯಜಮಾನರು “ಇದ್ದದ್ದು ಇದ್ದ ಹಾಗೆ ಹೇಳಯ್ಯಾ” ಎಂದರು.

“ಎಂಜಿನ್ನು ಕಲ್ಲು ಗುಂಡಿನ ಹಾಗಿದೆ ಸಾರ್,” ಎಂದ ಮೇಸ್ತ್ರಿ. “ಆದ್ರೆ ಈ ಕ್ಲಚ್ಚು ಒತ್ತಿ ಒತ್ತಿ ನಿಮ್ಮ ಮಂಡಿ ತಿಂಗಳೊಳಗೆ ಕೈಕೊಡುತ್ತೆ. ಎರಡನೇ ಸಾಲಲ್ಲಿ ಕ್ಲಚ್ಚೇ ಇಲ್ಲದ ಬಿಳಿ ಕಾರಿದೆ, ಅದು ನಿಮಗೆ ಸರಿ.”

“ನಾನು ಮೊದಲೇ ಹೇಳ್ಲಿಲ್ವಾ?” ಎಂದು ಮೇಷ್ಟ್ರ ಹೆಂಡತಿ ಗಂಡನ ಕಡೆ ತಿರುಗಿದರು. “ಆ ಬಿಳಿ ಕಾರಿನ ಪುಟಾನೂ ಓದಿದೀನಿ, ನಾಯಿ ಇನ್ನೂ ಪೂರ್ತಿ ಹೋಗಿಲ್ಲ ಅಂತ ಬರೆದಿರೋದು. ನಮ್ಮನೇಲಿ ಹೇಗೂ ಒಂದು ನಾಯಿ ಇದೆ. ಅದಕ್ಕೊಂದು ಜೊತೆ ಆಗುತ್ತೆ, ಬನ್ನಿ.”

ಮೇಷ್ಟ್ರು ಹೊರಡಲಿಲ್ಲ. ಅಂಗಿಯ ಜೇಬಿನಿಂದ ಕೆಂಪು ಪೆನ್ನು ತೆಗೆದು, ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರಡಿ, ಒಂಬತ್ತನ್ನು ಹೊಡೆದುಹಾಕಿ ಹತ್ತು ಎಂದು ಬರೆದು ಸಹಿ ಮಾಡಿದರು. ಹಾಳೆಯನ್ನೂ ಬೀಗದ ಕೈಯನ್ನೂ ಪುಟದಕ್ಕನ ಕೈಗೆ ಕೊಟ್ಟು, ಹೆಂಡತಿಯ ಹಿಂದೆ ಎರಡನೇ ಸಾಲಿನ ಕಡೆಗೆ ಕುಂಟುತ್ತ ನಡೆದರು. ಪುಟದಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ನಗುವೇ ಗೆದ್ದಿತು.

ಕಾಗದಪತ್ರಕ್ಕೆ ರುಜು ಹಾಕಿದ್ದಾಯಿತು. ಅತ್ತೆಯವರು ಯಾರೂ ಹೇಳುವ ಮುಂಚೆಯೇ ಮುಂದಿನ ಸೀಟಿನಲ್ಲಿ ಕೂತು, ಕೊಡೆಯನ್ನು ಕಾಲ ಬಳಿ, ಸೊಸೆಯ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಗೇಟಿಗೆ ತಿರುಗಬೇಕಾದರೆ ಕಾರನ್ನು ಮೊದಲು ಹಿಂದಕ್ಕೆ ತೆಗೆಯಬೇಕು. ಪುಟದಕ್ಕ ಗೇರನ್ನು ಕೆಳಕ್ಕೆ ಒತ್ತಿ, “ಬಾರಮ್ಮಾ, ಬಾ” ಎಂದು ಪುಸಲಾಯಿಸಿ ಎಳೆದಳು. ಬಿತ್ತು. ಗೇಟು ತೆರೆಯಲು ಯಜಮಾನರೇ ಬಂದು ನಿಂತಿದ್ದರು. “ಕಂಬ ನೋಡ್ಕೊಂಡಮ್ಮಾ! ಕಂಬ!” ಎಂದು ಅವರು ಎರಡು ಕೈಯೆತ್ತಿ ಕೂಗುತ್ತಿದ್ದ ಹಾಗೆ, ಕಂಬಕ್ಕೆ ಒಂದು ಮೊಳ ಜಾಗ ಬಿಟ್ಟು, ಎಡಗಡೆ ಒತ್ತಿ ಹಾರ್ನು ಹೊಡೆದು, ಕಾರು ರಸ್ತೆಗೆ ಇಳಿಯಿತು.

ಅರ್ಧ ದಾರಿ ಸಾಗಿರಬೇಕು, ಕೈಚೀಲದೊಳಗೆ ಫೋನು ಬಡಿದುಕೊಂಡಿತು. ಅತ್ತೆ ತೆಗೆದು ಕಿವಿಗೆ ಹಿಡಿದರು. ಯಜಮಾನರ ದನಿ ಇಡೀ ಕಾರಿಗೆ ಕೇಳಿಸಿತು.

“ಏನಮ್ಮಾ, ಆ ಕೆಂಪು ಕಾರಿನ ಪುಟ ಇಳಿಸೋದೇ ಮರೆತು ಹೋಗಿದೀಯಲ್ಲ! ನೀನು ಹೋದಾಗಿನಿಂದ ನಾಲ್ಕು ಫೋನು! ನಾನೇನಂತ ಹೇಳ್ಲಿ?”

ಪುಟದಕ್ಕ ನಾಲಿಗೆ ಕಚ್ಚಿಕೊಂಡಳು. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಮುಂದೆ ಬಸ್ಸೊಂದು ನಿಧಾನವಾಗುತ್ತಿತ್ತು, ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅತ್ತೆಯವರು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

“ನನ್ನ ಸೊಸೆ ಗಾಡಿ ಓಡಿಸ್ತಾ ಇದ್ದಾಳೆ,” ಎಂದರು. “ಆಮೇಲೆ ಮಾಡಿ.”